ಕಪ್ಪು ಪರದೆಯಲ್ಲಿ ನಿಂತುಹೋದ ಕಂಪ್ಯೂಟರ್: ಫಾರ್ಮ್ಯಾಟ್ ಮಾಡದೆ ಸಿ ಡ್ರೈವ್‌ನಲ್ಲಿ ಜಾಗ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ (ಚಾಮರಾಜಪೇಟೆ, ಬೆಂಗಳೂರು)

ಮಾನ್ಯರೇ, ನಮ್ಮ ಡಿಟಿಪಿ ಕೇಂದ್ರದ ಕಂಪ್ಯೂಟರ್ ನಿನ್ನೆ ಸಂಜೆಯಿಂದ ಯಾವುದಕ್ಕೂ ಸ್ಪಂದಿಸುತ್ತಿಲ್ಲ. ವಿಂಡೋಸ್ 10, 16 ಜಿಬಿ ರ‍್ಯಾಮ್, ಸಿ ಡ್ರೈವ್ 128 ಜಿಬಿಯ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿಯ ಹಾರ್ಡ್ ಡಿಸ್ಕ್. ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಕಪ್ಪಾಗಿ, ಮೌಸಿನ ಬಾಣವೊಂದೇ ಉಳಿಯುತ್ತದೆ. ಅದಕ್ಕೂ ಮೊದಲು ಸಿ ಡ್ರೈವ್ ತುಂಬಿದೆ ಎಂಬ ಸೂಚನೆ ಬರುತ್ತಿತ್ತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಒಂದು ಸ್ಮರಣ ಸಂಚಿಕೆಯ ಪುಟಗಳೂ ಫೋಟೋಶಾಪ್‌ನ ಲಗ್ನಪತ್ರಿಕೆ ವಿನ್ಯಾಸಗಳೂ ಡೆಸ್ಕ್‌ಟಾಪ್‌ನಲ್ಲೇ ಇವೆ. ಫಾರ್ಮ್ಯಾಟ್ ಮಾಡದೆ ಗತ್ಯಂತರವಿಲ್ಲವೆಂದು ರಿಪೇರಿಯವರು ಹೇಳುತ್ತಿದ್ದಾರೆ. ಬೇರೆ ಮಾರ್ಗವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ

ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಡಿಸ್ಕ್ ಕೆಟ್ಟಿರುವುದಕ್ಕಿಂತ ಅದರಲ್ಲಿ ಜಾಗ ಮುಗಿದಿರುವ ಸಾಧ್ಯತೆಯೇ ಹೆಚ್ಚು. ರ‍್ಯಾಮ್ ಸಾಲದಾದಾಗ ವಿಂಡೋಸ್ ಸಿ ಡ್ರೈವ್‌ನಲ್ಲಿರುವ ಪೇಜ್ ಫೈಲನ್ನು (ಮೆಮೊರಿಗೆ ಪೂರಕವಾಗಿ ಬಳಸುವ ಫೈಲು) ಹಿಗ್ಗಿಸಿಕೊಳ್ಳುತ್ತದೆ; ಹಿಗ್ಗಲು ಸ್ಥಳವಿಲ್ಲದಿದ್ದರೆ, ಲಾಗಿನ್ ಸಮಯದಲ್ಲಿ ಬರೆಯಬೇಕಾದ ಸಣ್ಣಪುಟ್ಟ ಫೈಲುಗಳಿಗೂ ಎಡೆಯಿಲ್ಲದಿದ್ದರೆ, ಯಂತ್ರ ನೀವು ವಿವರಿಸಿದ ಹಾಗೆಯೇ ನಿಂತುಬಿಡುತ್ತದೆ.

ಮೊದಲು ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಅದರ ಫೈಲ್ ಮೆನುವಿನಿಂದ ಎಕ್ಸ್‌ಪ್ಲೋರರ್ ಚಾಲೂ ಮಾಡಬಹುದು. ಅದೂ ಆಗದಿದ್ದರೆ ಪಾಸ್‌ವರ್ಡ್ ಕೇಳುವ ಪರದೆಯಲ್ಲೇ, ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಆಯ್ದುಕೊಳ್ಳಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ಮೂಲಕ ಕಮಾಂಡ್ ಪ್ರಾಂಪ್ಟ್ ತಲುಪಬಹುದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ನಡುವೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಬರೆದಿಟ್ಟುಕೊಂಡೇ ಕೂರುವುದು ಒಳ್ಳೆಯದು.

ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದ ಮೇಲೆ ಫೈಲ್ ಮೆನುವಿನ ಓಪನ್ ಆಯ್ದು, ಕೆಳಗಡೆ ‘ಆಲ್ ಫೈಲ್ಸ್’ ಎಂದು ಬದಲಿಸಿದರೆ ಡಿಸ್ಕಿನಲ್ಲಿರುವ ಫೈಲುಗಳು ಕಾಣುತ್ತವೆ. ಅಲ್ಲಿಂದಲೇ ಯೂಸರ್ಸ್ ಫೋಲ್ಡರ್‌ಗೆ ಹೋಗಿ, ನಿಮ್ಮ ಡೆಸ್ಕ್‌ಟಾಪ್ ಫೋಲ್ಡರನ್ನು ಬಲ ಗುಂಡಿಯಿಂದ ಕಾಪಿ ಮಾಡಿ, ದೊಡ್ಡ ಹಾರ್ಡ್ ಡಿಸ್ಕಿಗೆ ಪೇಸ್ಟ್ ಮಾಡಬಹುದು. ಈ ಪರಿಸರದಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು, ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಆದ್ದರಿಂದ ಅಕ್ಷರ ನಂಬದೆ ಒಳಗಿರುವ ಫೋಲ್ಡರ್‌ಗಳನ್ನು ನೋಡಿ ಗುರುತಿಸಿ. ಕಾಪಿಯಾಗುವಾಗ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಪುಟಗಳ ಪ್ರತಿ ಸುರಕ್ಷಿತವಾಗುವವರೆಗೆ ಬೇರೆ ಯಾವ ಪ್ರಯೋಗವನ್ನೂ ಮಾಡಬೇಡಿ.

ಬಳಿಕ ಅದೇ ಅಡ್ವಾನ್ಸ್‌ಡ್ ಆಪ್ಷನ್ಸ್‌ನ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ ರೀಸ್ಟಾರ್ಟ್ ಮಾಡಿ, 4 ಒತ್ತಿ ಸೇಫ್ ಮೋಡ್‌ಗೆ (ಅತ್ಯಗತ್ಯವಾದುದಷ್ಟೇ ಚಾಲೂ ಆಗುವ ಸ್ಥಿತಿ) ಹೋಗಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಟೆಂಪ್ ಎಂದು ಬರೆದು, ತೆರೆದ ಫೋಲ್ಡರನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ, ಮೇಲುಗಡೆ ಏನಿದೆ ಎಂದು ತಿಳಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಪುಟಗಳೆಲ್ಲ ಡಿ ಡ್ರೈವ್‌ಗೆ ಬಂದಿವೆ. ಸೇಫ್ ಮೋಡ್ ತೆರೆಯಿತು. ಟೆಂಪ್ ಫೋಲ್ಡರ್‌ನಲ್ಲಿ ‘ಫೋಟೋಶಾಪ್ ಟೆಂಪ್’ ಎಂಬ ಹೆಸರಿನ ಮುಂದೆ ಅಂಕಿಗಳಿರುವ ಹಲವು ಫೈಲುಗಳಿವೆ, ಒಂದೊಂದೂ ಹಲವು ಜಿಬಿ. ಅಳಿಸಿದರೆ ವಿನ್ಯಾಸಗಳು ಹೋಗುತ್ತವೆಯೇ?

ಉತ್ತರ

ಹೋಗುವುದಿಲ್ಲ. ಅವು ಫೋಟೋಶಾಪ್ ಕೆಲಸದ ನಡುವೆ ಬರೆದುಕೊಳ್ಳುವ ಸ್ಕ್ರ್ಯಾಚ್ ಫೈಲುಗಳು. ಪ್ರೋಗ್ರಾಂ ಸರಿಯಾಗಿ ಮುಚ್ಚಿದರೆ ತಾನೇ ಅಳಿಸುತ್ತದೆ. ಕರೆಂಟ್ ಹೋದಾಗಲೋ ಹ್ಯಾಂಗ್ ಆದಾಗಲೋ ಹಾಗೇ ಉಳಿದುಬಿಡುತ್ತವೆ. ಯುಪಿಎಸ್ ಬ್ಯಾಟರಿ ಸೋತ ಡಿಟಿಪಿ ಕೇಂದ್ರಗಳಲ್ಲಿ ಇದು ಮಾಮೂಲು. ಫೋಟೋಶಾಪ್ ಮುಚ್ಚಿರುವಾಗ ಶಿಫ್ಟ್ ಜೊತೆ ಡಿಲೀಟ್ ಒತ್ತಿ ಅಳಿಸಿ, ಇಲ್ಲವಾದರೆ ರಿಸೈಕಲ್ ಬಿನ್‌ಗೆ ಹೋಗಿ ಅದೇ ಸಿ ಡ್ರೈವ್‌ನ ಜಾಗವನ್ನೇ ಹಿಡಿದಿರುತ್ತವೆ.

ಇನ್ನೂ ಜಾಗ ಬೇಕಿದ್ದರೆ ಹೈಬರ್ನೇಷನ್ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆರಿಸುವ ಸೌಲಭ್ಯ) ಆಫ್ ಮಾಡಿ. ಅದರ ಫೈಲು ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು, ಅಂದರೆ ನಿಮ್ಮಲ್ಲಿ 6 ಜಿಬಿಗೂ ಮಿಗಿಲು, ಜಾಗ ಹಿಡಿಯುತ್ತದೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ (powercfg /h off) ಎಂಬುದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಆಯಿತು. ಯಂತ್ರ ಬೇಗ ತೆರೆಯುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ಅದರೊಂದಿಗೆ ನಿಲ್ಲುತ್ತದೆ, ಎಸ್‌ಎಸ್‌ಡಿ ಇರುವವರಿಗೆ ಅದೇನೂ ದೊಡ್ಡ ನಷ್ಟವಲ್ಲ. ವಿಂಡೋಸ್‌ನದೇ ಘಟಕಗಳಿರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿ ಕಂಡರೂ ಅದಕ್ಕೆ ಕೈ ಹಚ್ಚಬೇಡಿ.

ಇನ್ನೊಬ್ಬ ಸದಸ್ಯರು (ರಾಜಾಜಿನಗರ)

ಒಂದು ಮಾತು ಸೇರಿಸುತ್ತೇನೆ. ಬೇಡದ ಫೈಲು ಅಳಿಸುವ ವಿಂಡೋಸ್‌ನ ಡಿಸ್ಕ್ ಕ್ಲೀನಪ್ ಬಳಸುವುದಾದರೆ ಅದು ತೋರಿಸುವ ಪಟ್ಟಿಯನ್ನು ಪೂರ್ತಿ ಓದಿ. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರನ್ನೂ ಅದಕ್ಕೆ ಸೇರಿಸಿದ್ದರು; ಮುಂದೆ ಅದನ್ನು ತೆಗೆದರೂ ಹಳೆಯ ಆವೃತ್ತಿಯಲ್ಲೇ ಉಳಿದ ಯಂತ್ರಗಳಲ್ಲಿ ಇಂದಿಗೂ ಇದೆ. ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳು ಇರುವುದೇ ಅಲ್ಲಿ.

ಪ್ರಶ್ನೆ ಕೇಳಿದವರು

ಸ್ಕ್ರ್ಯಾಚ್ ಫೈಲುಗಳನ್ನು ಅಳಿಸಿದ ಮೇಲೆ ಕಂಪ್ಯೂಟರ್ ಮಾಮೂಲಿನಂತೆ ತೆರೆದುಕೊಂಡಿತು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ದೊಡ್ಡ ಎಸ್‌ಎಸ್‌ಡಿ ತರುವುದು ಅಗತ್ಯವೇ? ಅಲ್ಲದೆ ಈಗಿನ ಡಿಸ್ಕ್ 119 ಜಿಬಿ ಎಂದೇ ತೋರಿಸುತ್ತಿದೆ, ಉಳಿದದ್ದು ಎಲ್ಲಿ ಹೋಯಿತು?

ಉತ್ತರ

ಎಲ್ಲಿಗೂ ಹೋಗಿಲ್ಲ. ತಯಾರಕರು 1000ದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಆ ವ್ಯತ್ಯಾಸ. ಫೋಟೋಶಾಪ್‌ಗೆ 128 ಜಿಬಿ ಇಕ್ಕಟ್ಟೇ ಸರಿ, 500 ಜಿಬಿಯದು ತನ್ನಿ. ಅಲ್ಲಿಯವರೆಗೆ ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಎಂಬಲ್ಲಿ ಸಿ ಎದುರಿನ ಗುರುತು ತೆಗೆದು ಡಿ ಎದುರು ಹಾಕಿ. ಹಾರ್ಡ್ ಡಿಸ್ಕ್ ಆದ್ದರಿಂದ ದೊಡ್ಡ ಫೈಲುಗಳು ತುಸು ನಿಧಾನವಾಗುತ್ತವೆ, ಆದರೆ ಸಿ ಡ್ರೈವ್ ಈ ಕಾರಣಕ್ಕೆ ಮತ್ತೆ ತುಂಬುವುದಿಲ್ಲ.