31ನೇ ಸೆಕೆಂಡ್

ಶನಿವಾರ ಸಂಜೆ ನಮ್ಮ ‘ತೋಟದ ಮನೆ’ ಗುಂಪಿಗೆ 48 ಸೆಕೆಂಡಿನ ಒಂದು ವಿಡಿಯೋ ಹಾಕಿದೆ. ಮಗಳು ಕುದುರೆ ಮೇಲೆ ಕೂತು ಬಯಲಲ್ಲಿ ಎರಡು ಸುತ್ತು ಟ್ರಾಟ್, ಅಂದರೆ ಕುಲುಕು ಓಟ, ಮಾಡುವುದು, ಅಷ್ಟೇ. ಅವಳಿಗೆ 13 ವರ್ಷ. ಹೆರಿಗೆಯ ಹೊತ್ತಿಗೆ ಭುಜದ ನರ ಎಳೆದುಹೋಗಿ ಬಲಗೈಗೆ ಶಕ್ತಿ ಬರಲೇ ಇಲ್ಲ. ಆ ಕೈಯನ್ನು ಜಾಕೆಟ್ ಒಳಗೆ ಇಟ್ಟುಕೊಂಡು ಎಡಗೈಯಲ್ಲಿ ಲಗಾಮು ಹಿಡಿಯುತ್ತಾಳೆ. ಕುಶಾಲನಗರದ ಹತ್ತಿರ ಪರಿಚಯದವರ ತೋಟದಲ್ಲಿ ನಾಲ್ಕು ತಿಂಗಳಿಂದ ಕಲಿಯುತ್ತಿದ್ದಾಳೆ. ಮನೆಯವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ಅದೇ ಆ ರಾತ್ರಿ ಆಯಿತು.

ದೊಡ್ಡಮ್ಮ: ಅಯ್ಯೋ ನನ್ನ ಕಂದ! ಎಷ್ಟು ಚೆನ್ನಾಗಿ ಕೂತಿದ್ದಾಳೆ. ಮೊದಲು ದೃಷ್ಟಿ ತೆಗಿ.

ಅಣ್ಣ: ಇದು ಯಾರ ತಲೆಗೆ ಹೊಳೆದದ್ದು? ಇರುವುದು ಒಂದು ಕೈ. ಬಿದ್ದು ಅದೂ ಮುರಿದರೆ? ಊಟ ಯಾರು ಮಾಡಿಸುತ್ತಾರೆ, ಪರೀಕ್ಷೆ ಹೇಗೆ ಬರೆಯುತ್ತಾಳೆ, ಬಾತ್‌ರೂಮಿಗೆ ಹೋದರೆ ಚಡ್ಡಿ ಗುಂಡಿ ಯಾರು ಹಾಕುತ್ತಾರೆ? ಬೇರೆ ಮಕ್ಕಳಿಗೆ ಒಂದು ಕೈ ಮುರಿದರೆ ಇನ್ನೊಂದು ಇರುತ್ತದೆ.

ಅತ್ತಿಗೆ: ರೀ, ಸ್ವಲ್ಪ ಮೆತ್ತಗೆ.

ಅಣ್ಣ: ಮೆತ್ತಗೆ ಹೇಳುವ ವಿಷಯ ಅಲ್ಲ ಇದು.

ನಾನು: ಅಣ್ಣ, ಸೋಮವಾರಪೇಟೆಯಿಂದ ಮೈಸೂರಿಗೆ ಬಸ್ಸಿನಲ್ಲಿ ಅವಳನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದು ನೀನು. ಆರು ವರ್ಷ ಆಗುವ ತನಕ, ಮಳೆಗಾಲದಲ್ಲೂ ಬಿಡಲಿಲ್ಲ. ನಿನಗೆ ಬೈಯುವ ಹಕ್ಕಿದೆ. ಆದರೆ ಒಂದು ಮಾತು ಕೇಳು. ಪೋಲೋ ಆಡುವವರು ಕೋಲನ್ನು ಬಲಗೈಯಲ್ಲೇ ಹಿಡಿಯಬೇಕು, ಅದು ಆಟದ ನಿಯಮ. ಲಗಾಮು ಪೂರ್ತಿ ಎಡಗೈಯಲ್ಲಿ. ಓಡುವ ಕುದುರೆಯಿಂದ ನೆಲದ ಗೂಟ ಎತ್ತುವ ಟೆಂಟ್ ಪೆಗ್ಗಿಂಗ್‌ನಲ್ಲಿ ಈಟಿ ಬಲಗೈಗೆ, ಲಗಾಮು ಎಡಗೈಗೆ. ಹಿಂದೆ ಕತ್ತಿ ಹಿಡಿದು ಯುದ್ಧಕ್ಕೆ ಹೋದ ಸವಾರರೂ ಹಾಗೇ. ಒಂದೇ ಕೈಯಲ್ಲಿ ಕುದುರೆ ನಡೆಸುವುದು ಹೊಸದಾಗಿ ಇವಳಿಗೋಸ್ಕರ ಹುಟ್ಟಿಸಿದ್ದಲ್ಲ. ಲಗಾಮಿಗೆ ಬೇಕಾದ ಕೈಯೇ ಇವಳಿಗೆ ಉಳಿದಿರುವುದು.

ತಂಗಿ: ಸರಿಯಾಗಿ ಹೇಳಿದೆ ಅಕ್ಕ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಪೋಲಿಯೋ ಬಂದು ಮೊಣಕಾಲಿನ ಕೆಳಗೆ ಶಕ್ತಿ ಹೋಗಿತ್ತು. ಕುದುರೆ ಹತ್ತಲೂ ಜನ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್, ಅಂದರೆ ಕುದುರೆಯನ್ನು ಶಿಸ್ತಾಗಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಬೆಳ್ಳಿ. ಈಗ ಪ್ಯಾರಾಲಿಂಪಿಕ್ಸ್‌ನಲ್ಲೂ ಸವಾರಿ ಇದೆ, 1996ರಿಂದ.

ಚಿಕ್ಕಮ್ಮ: ಅದೆಲ್ಲ ಇರಲಿ, ಆ ಕಡೆ ಆನೆ ಬರುತ್ತದಲ್ಲ?

ನಾನು: ಆನೆ ಸುಳಿವಿದ್ದ ದಿನ ಕುದುರೆ ಲಾಯದಿಂದ ಹೊರಗೇ ಬರುವುದಿಲ್ಲ ಚಿಕ್ಕಮ್ಮ. ಕಲಿಯುವುದು ಬೇಲಿ ಒಳಗೆ ಮಾತ್ರ.

ಚಿಕ್ಕಪ್ಪ ಅಷ್ಟು ಹೊತ್ತೂ ಏನೂ ಬರೆದಿರಲಿಲ್ಲ. ನೋಡಿದ್ದಾರೆ ಎಂದು ನೀಲಿ ಗುರುತು ಕಾಣುತ್ತಿತ್ತು. ಅವರು ಮೀರತ್‌ನಲ್ಲಿ, ಸೇನೆಯ ಕುದುರೆಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಅವರು ನನ್ನ ಪರ ನಿಲ್ಲುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಚಿಕ್ಕಪ್ಪ: ನಾಲ್ಕು ಸಲ ನೋಡಿದೆ. ನಿಲ್ಲಿಸು ಇದನ್ನು.

ಚಿಕ್ಕಪ್ಪ: ಪೋಲೋ ಕುದುರೆ ಕಲಿತ ಕುದುರೆ ಮಗಳೇ. ಲಗಾಮು ಕುತ್ತಿಗೆಯ ಬಲಕ್ಕೆ ತಾಗಿದರೆ ಎಡಕ್ಕೆ ತಿರುಗುತ್ತದೆ, ಎಡಕ್ಕೆ ತಾಗಿದರೆ ಬಲಕ್ಕೆ. ಸಾಮಾನ್ಯ ಸವಾರಿ ಕುದುರೆ ಎರಡು ಕೈಗೆ ಒಗ್ಗಿರುತ್ತದೆ, ಬಾಯಿಯ ಒಂದು ಕಡೆ ಎಳೆದರೆ ಮಾತ್ರ ತಿರುಗುವುದು. ಇದಕ್ಕೆ ಯಾವುದು ಗೊತ್ತು? ಇನ್ನು ಲಿಸ್ ಹಾರ್ಟೆಲ್ ಎರಡೂ ಕೈಯಲ್ಲಿ ಲಗಾಮು ಹಿಡಿಯುತ್ತಿದ್ದರು. ಆ ಹೋಲಿಕೆ ಇಲ್ಲಿ ಬೇಡ.

ನಾನು: ಕಲಿಸಿದ್ದಾರೆ ಚಿಕ್ಕಪ್ಪ. ಅವಳನ್ನು ಹತ್ತಿಸುವ ಮೊದಲು ಎರಡು ತಿಂಗಳು ಕುದುರೆಗೇ ಪಾಠ. ಮೊದಲು ಕುತ್ತಿಗೆಗೆ ಲಗಾಮು ತಾಗಿಸುವುದು, ಆಮೇಲೆ ಕಾಲಿನಲ್ಲಿ ಒತ್ತುವುದು, ಅದಕ್ಕೂ ತಿರುಗದಿದ್ದರೆ ಮಾತ್ರ ಬಾಯಿ ಹತ್ತಿರ ಸ್ವಲ್ಪ ಎಳೆಯುವುದು. ಈಗ ತಾಗಿದರೆ ಸಾಕು.

ಚಿಕ್ಕಪ್ಪ: ಸರಿ. ಅವಳ ಕೂರುವಿಕೆಯಲ್ಲೂ ತಪ್ಪಿಲ್ಲ. ಹಿಮ್ಮಡಿ ಕೆಳಗಿದೆ, ಲಗಾಮಿಗೆ ಜೋತುಬಿದ್ದು ಕೂತಿಲ್ಲ. ಆದರೆ 31ನೇ ಸೆಕೆಂಡಿಗೆ ನಿಲ್ಲಿಸಿ ದೊಡ್ಡದು ಮಾಡಿ ನೋಡು. ಕೈ ನೋಡು.

ನೋಡಿದೆ. ಮೊದಲು ಏನೂ ಕಾಣಲಿಲ್ಲ. ಲಗಾಮು ಅಂಗೈಯಲ್ಲಿದೆ, ಉಂಗುರದ ಬೆರಳು ನಡುವೆ ಬಂದು ಎರಡು ಪಟ್ಟಿಗಳನ್ನು ಬೇರೆ ಮಾಡಿದೆ, ಗುರು ಹೇಳಿಕೊಟ್ಟ ಹಾಗೇ. ಇನ್ನೂ ದೊಡ್ಡದು ಮಾಡಿದೆ. ಮಿಕ್ಕಿದ ತುದಿ ಹೆಬ್ಬೆರಳಿನ ಮೇಲಿಂದ ಹೋಗಿ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಅಚ್ಚುಕಟ್ಟಾಗಿ, ಬಳೆಯ ಹಾಗೆ. ಅಲ್ಲಿ ಬೇಲಿ ಪಕ್ಕ ನಿಂತು ನಾನೇ ತೆಗೆದ ವಿಡಿಯೋ ಅದು. ನನಗೆ ಕಂಡಿರಲಿಲ್ಲ.

ಚಿಕ್ಕಪ್ಪ: ಬಿದ್ದರೆ ಕೈ ಮುರಿಯುವುದು ಒಂದು. ಹೀಗೆ ಸುತ್ತಿಕೊಂಡು ಬಿದ್ದರೆ ಕುದುರೆ ಅವಳನ್ನು ಎಳೆದುಕೊಂಡು ಓಡುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಿಲ್ಲಿಸು ಅಂದೆ.

ಅಣ್ಣ: ಇನ್ನೇನು ಹೇಳಬೇಕು ನಾನು?

ನಾನು ಉತ್ತರ ಬರೆಯಲಿಲ್ಲ. ಹೋಗಿ ಮಗಳನ್ನು ಕೇಳಿದೆ. ಲಗಾಮು ಜಾರುತ್ತದೆ ಅಂದಳು. ಕುದುರೆ ತಲೆ ಕೆಳಗೆ ಹಾಕಿದಾಗ ಪಟ್ಟಿ ಕೈಯೊಳಗಿಂದ ಉದ್ದಕ್ಕೆ ಹೋಗಿಬಿಡುತ್ತದೆ. ಬೇರೆ ಮಕ್ಕಳು ಇನ್ನೊಂದು ಕೈಯಲ್ಲಿ ಹಿಂದಕ್ಕೆ ಎಳೆದು ಚಿಕ್ಕದು ಮಾಡಿಕೊಳ್ಳುತ್ತಾರೆ. ಇವಳು ಬೆರಳುಗಳನ್ನೇ ಒಂದೊಂದಾಗಿ ಮುಂದಕ್ಕೆ ತೆವಳಿಸಬೇಕು, ಕಂಬಳಿಹುಳದ ಹಾಗೆ. ಅಷ್ಟರಲ್ಲಿ ಕುದುರೆ ಇನ್ನೆಲ್ಲೋ ಹೋಗಿರುತ್ತದೆ. ಅದಕ್ಕೆ ಒಂದು ಸುತ್ತು ಸುತ್ತಿಕೊಂಡಿದ್ದಾಳೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಇಳಿಸಿಬಿಡುತ್ತಾರೆ ಎಂದು.

ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಗುಂಪಿಗೆ ಹಾಕಿದೆ.

ನಾನು: ಚಿಕ್ಕಪ್ಪ, ತಪ್ಪು ನನ್ನದು. ನೋಡಬೇಕಿತ್ತು. ಆದರೆ ಇಳಿಸಿಬಿಟ್ಟರೆ ಅವಳು ಕಲಿಯುವುದು ಒಂದೇ, ಕಷ್ಟ ಆದರೆ ಬಾಯಿ ಬಿಡಬಾರದು ಎಂದು. ಜಾರದ ಹಾಗೆ ಮಾಡುವ ದಾರಿ ಇಲ್ಲವಾ? ನಿಮಗೆ ಗೊತ್ತಿಲ್ಲದೆ ಇರುತ್ತದಾ?

ಅಣ್ಣ: ಅಷ್ಟು ಬೇಕಾದರೆ ಜೀನಿಗೆ ಬೆಲ್ಟ್ ಹಾಕಿ ಅವಳನ್ನು ಕಟ್ಟಿ. ಬೀಳುವ ಮಾತೇ ಇರುವುದಿಲ್ಲ.

ಚಿಕ್ಕಪ್ಪ: ಬೇಡವೇ ಬೇಡ. ಕುದುರೆಯೇ ಬಿದ್ದರೆ? 300–400 ಕಿಲೋ. ಸವಾರ ಯಾವತ್ತೂ ಬಿಡಿಸಿಕೊಂಡು ಬೀಳುವ ಹಾಗೆ ಇರಬೇಕು. ಕೈಗೆ ಕಟ್ಟಬಾರದು, ಸೊಂಟಕ್ಕೆ ಕಟ್ಟಬಾರದು, ಜೀನಿಗೆ ಕಟ್ಟಬಾರದು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪ ‘ಬರೆಯುತ್ತಿದ್ದಾರೆ’ ಎಂದು ತೋರಿಸುತ್ತಲೇ ಇತ್ತು.

ಚಿಕ್ಕಪ್ಪ: ಏಣಿ ಲಗಾಮು ಅಂತ ಇದೆ. ಎರಡು ಪಟ್ಟಿಯ ನಡುವೆ ಏಣಿ ಮೆಟ್ಟಿಲಿನ ಹಾಗೆ ಅಡ್ಡ ಪಟ್ಟಿ ಹೊಲಿದಿರುತ್ತಾರೆ. ಜಾರುವುದಿಲ್ಲ. ಚಿಕ್ಕದು ಬೇಕಾದರೆ ಮುಂದಿನ ಮೆಟ್ಟಿಲು ಹಿಡಿದರಾಯಿತು, ಕೈ ಬಿಚ್ಚಿದರೆ ಎಲ್ಲವೂ ಬಿಟ್ಟುಹೋಗುತ್ತದೆ. ಅಡ್ಡ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಕೈ ತೂರಿಸಬಾರದು. ಇನ್ನೊಂದು. ಕುದುರೆ ಕುತ್ತಿಗೆಗೆ ಸಡಿಲವಾಗಿ ಒಂದು ಹಳೆ ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿ ಹಾಕಿಸು. ಗಾಬರಿಯಾದಾಗ ಬೆರಳು ಅದಕ್ಕೆ ಸಿಕ್ಕಿಸಲಿ, ಕುದುರೆ ಬಾಯಿ ಎಳೆಯುವುದು ಬೇಡ.

ಅಣ್ಣ: ಚಿಕ್ಕಪ್ಪ, ನೀವೂ ಹೀಗೇ ಹೇಳಿದರೆ ಹೇಗೆ? ಬೀಳುವುದೇ ಇಲ್ಲ ಎಂದು ಬರೆದುಕೊಡುತ್ತೀರಾ?

ಚಿಕ್ಕಪ್ಪ: ಬೀಳುತ್ತಾಳೆ. ಕುದುರೆ ಹತ್ತಿದವರೆಲ್ಲ ಬೀಳುತ್ತಾರೆ. ಕೈ ಚಾಚಿ ತಡೆಯದೆ ಭುಜ ಒಳಗೆ ಎಳೆದುಕೊಂಡು ಉರುಳುವುದನ್ನು ಮೊದಲು ಹುಲ್ಲಿನ ಮೇಲೆ ಕಲಿಸಬೇಕು. ಕೈ ಮುರಿಯುವುದು ಹೆಚ್ಚಾಗಿ ಚಾಚಿದ್ದಕ್ಕೇ. ಅದು ಬರುವ ತನಕ ಟ್ರಾಟ್ ಇಲ್ಲ, ನಡಿಗೆ ಮಾತ್ರ. ಇದಕ್ಕೆ ಒಪ್ಪಿದರೆ ನಾನು ಬರುತ್ತೇನೆ.

ನಾನು: ಒಪ್ಪಿದೆ. ಮಳೆ ಹಿಡಿದರೆ ಆ ಬಯಲು ಹೇಗೂ ಕೆಸರು, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ತನಕ ಕುದುರೆ ಓಡುವುದಿಲ್ಲ. ಅಷ್ಟರಲ್ಲಿ ಉರುಳುವುದು ಕಲಿಯಲಿ.

ಅಣ್ಣ: ನನಗೆ ಈಗಲೂ ಇಷ್ಟ ಇಲ್ಲ. ಬರೆದಿಟ್ಟುಕೊಳ್ಳಿ.

ನಾನು: ಬರೆದಿಟ್ಟುಕೊಂಡೆ ಅಣ್ಣ. ನೀನೂ ಬಾ, ಬೇಲಿ ಪಕ್ಕ ನಿಂತು ಬೈ.

ಅದಕ್ಕೆ ಅಣ್ಣ ಉತ್ತರ ಕೊಡಲಿಲ್ಲ. ಆದರೆ ಮಂಗಳವಾರ ಬೆಳಗ್ಗೆ ಗುಂಪಿಗೆ ಒಂದು ಫೋಟೋ ಬಂತು. ಚಪ್ಪಲಿ ಹೊಲಿಯುವವರ ಪೆಟ್ಟಿಗೆ, ಮೇಲೆ ಕಂದು ಚರ್ಮದ ಉದ್ದ ಲಗಾಮು, ಅದಕ್ಕೆ ಅಡ್ಡವಾಗಿ ಹೊಲಿದ ಐದು ಪಟ್ಟಿಗಳು. ಕಳಿಸಿದ್ದು ಅಣ್ಣ.

ಚಿಕ್ಕಪ್ಪ: ಹೊಲಿಗೆ ಗಟ್ಟಿ ಇದೆ. ಎರಡು ಪಟ್ಟಿಯ ನಡುವೆ ಜಾಗ ಎಷ್ಟು ಬಿಟ್ಟಿದ್ದೀಯ?

ಅಣ್ಣ: ನಾಲ್ಕು ಬೆರಳು.

ಚಿಕ್ಕಪ್ಪ: ಅವಳ ಬೆರಳೋ, ನಿನ್ನ ಬೆರಳೋ?

ಅಣ್ಣ: ಬಿಚ್ಚಿಸುತ್ತೇನೆ. ಶಾಲೆ ಬಿಟ್ಟ ಮೇಲೆ ಅವಳನ್ನು ಇಲ್ಲಿಗೇ ಕಳಿಸು.