ಮಗಳು ಫ್ಲ್ಯಾಗ್ ಫುಟ್‌ಬಾಲ್ ಮುಂದುವರಿಸಬೇಕೆನ್ನುತ್ತಾಳೆ: ಅನುಭವವುಳ್ಳವರು ದಯವಿಟ್ಟು ತಿಳಿಸಿ

ಪ್ರಶ್ನೆ (ಫ್ಲಾರಿಡಾದ ಟ್ಯಾಂಪಾದಿಂದ ಒಬ್ಬ ತಾಯಿ):
ನಮ್ಮ ಮಗಳು 11ನೆಯ ತರಗತಿಯಲ್ಲಿದ್ದು, ಶಾಲೆಯ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿಯನ್ನು ಕೆಡವುವ ಬದಲು ಸೊಂಟಕ್ಕೆ ಕಟ್ಟಿದ ಫ್ಲ್ಯಾಗ್ ಎಳೆದು ತಡೆಯುವ ಅಮೆರಿಕನ್ ಫುಟ್‌ಬಾಲ್) ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವಳಾಗಿ, ಆಡುತ್ತಾಳೆ. ಕಾಲೇಜಿನಲ್ಲಿಯೂ ಆಡಿ, ಮುಂದೆ ರಾಷ್ಟ್ರೀಯ ತಂಡಕ್ಕೆ ಪ್ರಯತ್ನಿಸಬೇಕೆಂಬುದು ಅವಳ ಆಸೆ. ಮೈಸೂರಿನಲ್ಲಿರುವ ಅವಳ ತಾತನವರು ‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುತ್ತಾರೆ. ಕಾಲೇಜನ್ನು ಆಟ ನೋಡಿ ಆರಿಸಬೇಕೇ, ಓದು ನೋಡಿ ಆರಿಸಬೇಕೇ?

ಉತ್ತರ (ಅಟ್ಲಾಂಟಾದ ಒಬ್ಬ ತಂದೆ):
ನಮ್ಮ ಮಗಳು ಎನ್‌ಎಐಎ (ಹೆಚ್ಚಾಗಿ ಸಣ್ಣ ಕಾಲೇಜುಗಳ ಕ್ರೀಡಾ ಸಂಘ) ವ್ಯವಸ್ಥೆಗೆ ಸೇರಿದ ಸಣ್ಣ ಖಾಸಗಿ ಕಾಲೇಜೊಂದರಲ್ಲಿ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವವಳು) ಆಗಿ ಆಡುತ್ತಿರುವುದರಿಂದ, ಹಣದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ನೆರವಿನೊಂದಿಗೆ 2021ರಲ್ಲಿ ಆರಂಭವಾದ ಎನ್‌ಎಐಎ ಮಹಿಳಾ ಸ್ಪರ್ಧೆಯಿಂದಾಗಿ ಈ ಆಟಕ್ಕೆ ಕಾಲೇಜು ಮಟ್ಟದಲ್ಲಿ ವಿದ್ಯಾರ್ಥಿವೇತನದ ದಾರಿ ತೆರೆಯಿತು. ಅದರಲ್ಲಿ ಮುಂಚೂಣಿಯ ತಂಡಗಳೆನಿಸಿದ ಕನ್ಸಾಸ್‌ನ ಒಟ್ಟಾವಾ ಮತ್ತು ನಿಮ್ಮದೇ ರಾಜ್ಯದ ಕೈಸರ್ ವಿಶ್ವವಿದ್ಯಾಲಯಗಳನ್ನು ನೀವು ಖಂಡಿತ ನೋಡಬೇಕು. ಆಶ್ಲೀ ಕ್ಲ್ಯಾಮ್ ಅವರು ಕೈಸರ್‌ನಲ್ಲಿ ಓದುತ್ತಲೇ ಅಮೆರಿಕದ ತಂಡಕ್ಕೆ ಆಯ್ಕೆಯಾದವರು. ಆದರೆ ಕ್ರೀಡಾ ವಿದ್ಯಾರ್ಥಿವೇತನ ಎಂದೊಡನೆ ಇಡೀ ಶುಲ್ಕ ಮಾಫಿಯಾಗುತ್ತದೆಂದು ಲೆಕ್ಕ ಹಾಕಬೇಡಿ. ನಮ್ಮ ಮಗಳಿಗೆ ಆಟಕ್ಕಾಗಿ ಸಿಕ್ಕ ನೆರವಿಗಿಂತ ಅಂಕಗಳಿಗಾಗಿ ಸಿಕ್ಕಿದ್ದೇ ಹೆಚ್ಚು. ಕಾಲೇಜು ಕ್ರೀಡೆಗಳ ದೊಡ್ಡ ಸಂಘವಾದ ಎನ್‌ಸಿಎಎಯ ಡಿವಿಷನ್ 3ರ ಕಾಲೇಜುಗಳಂತೂ ಕ್ರೀಡೆಗಾಗಿ ಹಣ ಕೊಡುವಂತೆಯೇ ಇಲ್ಲ.

ತಾತನವರ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗೆದ್ದ ವನೀಟಾ ಕ್ರೌಚ್ ಅವರ ವೃತ್ತಿ ಟೆಕ್ಸಾಸ್‌ನಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸುವುದು. ಮೆಕ್ಸಿಕೋದ ಡಯಾನಾ ಫ್ಲೋರೆಸ್ ಅವರಂತೆ, 2022ರ ವಿಶ್ವ ಕ್ರೀಡಾಕೂಟದ ಫೈನಲ್‌ನಲ್ಲಿ ಅಮೆರಿಕವನ್ನು 39–6ರಿಂದ ಸೋಲಿಸಿ, ಮರುವರ್ಷವೇ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ನ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ಮಟ್ಟಕ್ಕೆ ಬೆಳೆದವರು ಬೆರಳೆಣಿಕೆಯಷ್ಟು. ಆದ್ದರಿಂದ, ಆಟ ನಾಳೆಯೇ ನಿಂತರೂ ನಿಮ್ಮ ಮಗಳು ಅಲ್ಲಿಯೇ ಓದು ಮುಗಿಸಲು ಇಷ್ಟಪಡುವಂತಹ ಕಾಲೇಜನ್ನು ಆರಿಸಿ. ನನ್ನ ಮಟ್ಟಿಗೆ ಇದರಲ್ಲಿ ಎರಡನೆಯ ಮಾತಿಲ್ಲ.

ಉತ್ತರ (ಸ್ಯಾನ್ ಹೋಸೆ ಸಮೀಪ ಬಾಲಕಿಯರಿಗೆ ತರಬೇತಿ ನೀಡುವವರು):
ಹಿಂದಿನವರ ಮಾತನ್ನು ಒಪ್ಪುತ್ತಲೇ, ಪಾಲಕರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಿಮ್ಮ ರಾಜ್ಯದ ಶಾಲೆಗಳಲ್ಲಿಯೂ ಎನ್‌ಎಐಎ ಕಾಲೇಜುಗಳಲ್ಲಿಯೂ ಒಂದು ತಂಡದಲ್ಲಿ ಏಳು ಮಂದಿ ಆಡುತ್ತಾರೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಮತ್ತು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಐದೇ ಮಂದಿ, ಅಂಕಣವೂ ಕೇವಲ 25 ಗಜ ಅಗಲದ್ದು. ಅದಕ್ಕಿಂತ ಮುಖ್ಯವಾಗಿ, ಐವರ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಮುಂದಕ್ಕೆ ಓಡುವಂತಿಲ್ಲ, ಏಳು ಗಜ ದೂರದಿಂದ ನುಗ್ಗಿಬರುವ ಎದುರಾಳಿ ತಲುಪುವಷ್ಟರಲ್ಲಿ ಚೆಂಡು ಕೈಬಿಟ್ಟಿರಬೇಕು. ಓಡಿ ಗೆಲ್ಲಿಸುವ ಎಷ್ಟೋ ಶಾಲಾ ತಾರೆಯರು ಇಲ್ಲಿಯೇ ಮಂಕಾಗುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮಗಳು ಬೇಸಿಗೆಯಲ್ಲಿ ಐವರ ಕ್ಲಬ್ ಪಂದ್ಯಗಳನ್ನು ಆಡುವುದು ಒಳಿತು. ರಿಸೀವರ್ ಮತ್ತು ರಕ್ಷಣೆಯ ಸ್ಥಾನಗಳಲ್ಲಿಯೂ ಆಡಲಿ, ಏಕೆಂದರೆ ಒಲಿಂಪಿಕ್ಸ್ ತಂಡದಲ್ಲಿರುವುದು ಹತ್ತೇ ಜಾಗ. (ಊರಿನಲ್ಲಿ ಕಬಡ್ಡಿ ಆಡಿದವರಿಗೆ ಸೊಂಟ ತಿರುಗಿಸಿ ಫ್ಲ್ಯಾಗ್ ತಪ್ಪಿಸಿಕೊಳ್ಳುವ ಕಲೆ ಹೊಸದೆನಿಸದು, ನನ್ನ ಹೆಂಡತಿ ಆ ಅಭ್ಯಾಸವನ್ನು ನನಗಿಂತ ಚೆನ್ನಾಗಿ ಮಾಡಿಸುತ್ತಾಳೆ.)

ಕೋಚ್‌ಗಳಿಗೆ ಕಳುಹಿಸುವ ವಿಡಿಯೋದಲ್ಲಿ ಟಚ್‌ಡೌನ್‌ಗಳನ್ನು (ಅಂಕ ಗಳಿಸಿದ ಕ್ಷಣಗಳನ್ನು) ಮಾತ್ರ ಪೋಣಿಸಬೇಡಿ, ಒಂದು ಪೂರ್ಣ ಪಂದ್ಯವನ್ನೂ ಜೊತೆಗಿಡಿ. ಚೆಂಡು ಎಸೆಯುವ ಮೊದಲು ಹುಡುಗಿ ಎತ್ತ ನೋಡುತ್ತಾಳೆ, ತಪ್ಪಿದ ಮರುಕ್ಷಣ ಏನು ಮಾಡುತ್ತಾಳೆ ಎಂಬುದನ್ನು ನಾವು ಅದರಲ್ಲಿಯೇ ಹುಡುಕುತ್ತೇವೆ.

ಉತ್ತರ (ಡಲ್ಲಾಸ್‌ನ ಫಿಸಿಯೋಥೆರಪಿಸ್ಟ್):
ಎದುರಾಳಿಯನ್ನು ಕೆಡವುವ ಟ್ಯಾಕಲ್ ಇಲ್ಲದ ಆಟವೆಂದು ನಿಶ್ಚಿಂತೆಯಿಂದ ಇರಬೇಡಿ. ಓಡುತ್ತ ಓಡುತ್ತ ಹಠಾತ್ತನೆ ದಿಕ್ಕು ಬದಲಿಸುವ ಆಟಗಳಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು (ಲಿಗಮೆಂಟ್) ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಜಿಗಿದು ಸರಿಯಾಗಿ ನೆಲಕ್ಕಿಳಿಯುವುದು, ತೊಡೆಯ ಹಿಂಭಾಗದ ಸ್ನಾಯುಗಳ ಬಲವರ್ಧನೆ, ಇವು ಅವಳ ದಿನನಿತ್ಯದ ವ್ಯಾಯಾಮದಲ್ಲಿ ಇರಲೇಬೇಕು. ಎಳೆಯುವ ಫ್ಲ್ಯಾಗ್‌ಗೆ ಬೆರಳು ಸಿಕ್ಕಿ ಉಳುಕುವುದಂತೂ ಮಾಮೂಲು.

ಉತ್ತರ (ನ್ಯೂಜೆರ್ಸಿಯಿಂದ):
ಅಮೆರಿಕ ತಂಡದಲ್ಲಿ ಜಾಗ ಸಿಗದಿದ್ದರೆ ಭಾರತಕ್ಕೆ ಆಡಬಹುದಲ್ಲ ಎಂಬ ಸಲಹೆ ಬಂಧುಗಳಿಂದ ನಿಮಗೂ ಬಂದೇ ಬರುತ್ತದೆ. ಭಾರತವನ್ನು ಪ್ರತಿನಿಧಿಸಲು ಭಾರತೀಯ ಪಾಸ್‌ಪೋರ್ಟ್ ಬೇಕು. ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಸಾಲದು. ಇನ್ನು ಒಲಿಂಪಿಕ್ಸ್ ವಿಚಾರ: 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ನಡೆದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಕ್ರಿಕೆಟ್ ಜೊತೆಗೆ ಈ ಆಟಕ್ಕೂ ಒಪ್ಪಿಗೆ ದೊರೆತದ್ದು ಲಾಸ್ ಏಂಜಲೀಸ್ ಆಯೋಜಕರ ಕೋರಿಕೆಯ ಮೇರೆಗೆ, ಅದೂ ಆ ಒಂದು ಕೂಟಕ್ಕೆ. ಮುಂದಿನ ಆತಿಥೇಯರು ಅದನ್ನು ಉಳಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. 2028ರ ವೇಳೆಗೆ ಅವಳು ಕಾಲೇಜಿನಲ್ಲಿರುತ್ತಾಳೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗುರಿಯಾಗಿಟ್ಟುಕೊಳ್ಳುವುದು ಹೆಚ್ಚು ಪ್ರಾಯೋಗಿಕವೆಂದು ನನಗನ್ನಿಸುತ್ತದೆ.