ಫಸ್ಟ್ ಟ್ರ್ಯಾಕ್ ಡೇ, ಟೈರ್ ಯಾವ್ದು ಹಾಕ್ಸ್ಲಿ?

ಮಡಿಕೇರಿ_ಸ್ವಿಫ್ಟ್: ಅಣ್ಣಂದಿರೇ, ಮುಂದಿನ ತಿಂಗ್ಳು ಕೊಯಮತ್ತೂರು ಕರಿ ಸ್ಪೀಡ್‌ವೇಲಿ ಫಸ್ಟ್ ಟ್ರ್ಯಾಕ್ ಡೇ, ಅಂದ್ರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಲ್ಲಿ ಓಡ್ಸೋ ದಿನ. ಘಾಟಿ ರೋಡಲ್ಲೇ ಓಡ್ಸಿ ಓಡ್ಸಿ ಮುಂದಿನ ಟೈರ್ ಹೊರ ಅಂಚು ಸವೆದಿದೆ. ಸೆಮಿ ಸ್ಲಿಕ್ (ರೇಸ್ ಟೈರ್ ತರದ್ದು) ಹಾಕ್ಸ್ಬೇಕಾ?

ಗೋಣಿಕೊಪ್ಪ_ರ‍್ಯಾಲಿ: ಬೇಡ ಮಾರಾಯ, ಒಳ್ಳೆ ರೋಡ್ ಟೈರೇ ಸಾಕು, ಗ್ರಿಪ್ ಬಿಡೋ ಮುಂಚೆ ಕಿರ್ ಅಂತ ಕೂಗಿ ಹೇಳುತ್ತೆ, ಕಲಿಯೋರಿಗೆ ಅದೇ ಬೇಕಾಗಿರೋದು, ಸೆಮಿ ಸ್ಲಿಕ್ ಹಿಡಿಯೋದೇನೋ ಜಾಸ್ತಿ ಆದ್ರೆ ಬಿಟ್ರೆ ದಿಢೀರ್ ಅಂತ ಬಿಡುತ್ತೆ. ಅದ್ರಲ್ಲಿ ನೀರು ಹೋಗೋ ಗೆರೆ ಕಮ್ಮಿ ಇರುತ್ತೆ ಬೇರೆ, ನಮ್ಮ ಮಳೇಲಿ ಅದೇ ಟೈರಲ್ಲಿ ವಾಪಸ್ ಘಾಟಿ ಹತ್ತೋದು ನಂಗಂತೂ ಭಯ. ಸವೆದಿರೋದನ್ನ ಮಾತ್ರ ಬದಲಾಯ್ಸು, ಅಲೈನ್‌ಮೆಂಟೂ ನೋಡ್ಸು.

ಕುಶಾಲನಗರ_ಗ್ಯಾರೇಜ್: ಪ್ರೆಶರ್ ಮರೀಬೇಡಿ. ಬಿಸಿ ಆದ್ರೆ 5-6 ಪಿಎಸ್‌ಐ ಆರಾಮಾಗಿ ಏರುತ್ತೆ, ನಾಲ್ಕೈದು ಲ್ಯಾಪಿಗೆ ಒಳಗೆ ಬಂದು ಗೇಜ್ ಹಿಡೀರಿ. ಟ್ರೆಡ್ಡಿಂದ (ನೆಲಕ್ಕೆ ತಾಗೋ ಭಾಗ) ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ತನಕ ಚಾಕ್ ಪೀಸಲ್ಲಿ ಗೆರೆ ಎಳೆದಿಡಿ, ಸೈಡ್‌ವಾಲಲ್ಲೂ ಅಳಿಸಿದ್ರೆ ಗಾಳಿ ಕಮ್ಮಿ, ಟ್ರೆಡ್ ಅಂಚಲ್ಲಿ ಹಾಗೇ ಉಳಿದ್ರೆ ಜಾಸ್ತಿ. ಗಾಳಿ ಇಳಿಸಿದ್ರೆ ಮನೆಗೆ ಹೊರಡೋ ಮುಂಚೆ ಟೈರ್ ತಣ್ಣಗಾದ್ಮೇಲೆ ವಾಪಸ್ ತುಂಬ್ಸಿ.

ಮಡಿಕೇರಿ_ಸ್ವಿಫ್ಟ್: ಥ್ಯಾಂಕ್ಸ್ ಅಣ್ಣ, ಅಂಗಡೀಲಿ ಹಳೇ ಸ್ಟಾಕ್ ಕೊಟ್ರೆ?

ಗೋಣಿಕೊಪ್ಪ_ರ‍್ಯಾಲಿ: ಸೈಡಲ್ಲಿ ನಾಲ್ಕಂಕಿ ಓದು, 2324 ಅಂದ್ರೆ 2024ರ 23ನೇ ವಾರ ತಯಾರಾಗಿದ್ದು.